ಕಾರ್ಖಾನೆಯ ಹಳೆಯ ಟೇಬಲ್ ಸಾ: ಕೊಳ್ಳುವ ಮುನ್ನ ನೋಡಬೇಕಾದದ್ದು, ಕೊಂಡ ಮೇಲೆ ಮಾಡಬೇಕಾದದ್ದು

ಫರ್ನಿಚರ್ ಕೆಲಸವು ಗಟ್ಟಿ ಕಟ್ಟಿಗೆಯಿಂದ ಪ್ಲೈವುಡ್ಡಿನ ಕಡೆಗೆ ಹೊರಳಿದ ಮೇಲೆ ಅನೇಕ ಕಾರ್ಖಾನೆಗಳು ದೊಡ್ಡ ಹಾಳೆಗಳನ್ನು ಜಾರುವ ಮೇಜಿನ ಮೇಲಿಟ್ಟು ಕೊಯ್ಯುವ ಸ್ಲೈಡಿಂಗ್ ಪ್ಯಾನೆಲ್ ಸಾ ತಂದುಕೊಂಡವು, ಮೇಜಿನ ಸೀಳಿನಿಂದ ದುಂಡು ಬ್ಲೇಡ್ ಮೇಲೆ ಚಾಚಿರುವ, ಎರಕದ ಕಬ್ಬಿಣದ ಹಳೆಯ ಟೇಬಲ್ ಸಾಗಳು ಮೂಲೆ ಸೇರಿದವು. ಮನೆಯಲ್ಲಿಯೇ ಸಾಗುವಾನಿ, ಮತ್ತಿ, ಹೊನ್ನೆಯಂಥ ಕಟ್ಟಿಗೆಯಲ್ಲಿ ಕೆಲಸ ಮಾಡಬೇಕೆನ್ನುವವರಿಗೆ ಈ ಹಳೆಯ ಯಂತ್ರಗಳು ಹೊಸ ಪೋರ್ಟಬಲ್ ಯಂತ್ರಗಳಿಗಿಂತ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಭಾರವಾದ ಎರಕವು ಕಂಪನವನ್ನು ನುಂಗಿಕೊಳ್ಳುವುದರಿಂದ ಎರಡು ಇಂಚು ದಪ್ಪದ ಹಲಗೆಯನ್ನು ಸೀಳುವಾಗಲೂ ಬ್ಲೇಡ್ ನಡುಗುವುದಿಲ್ಲ. ಹುಡುಕುವವರು ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಬೇಕು. ಗದಗ, ರಾಣೇಬೆನ್ನೂರುಗಳ ಬಡಿಗತನದ ಅಂಗಡಿಗಳನ್ನೂ ಮರೆಯಬಾರದು. ಪ್ಯಾನೆಲ್ ಸಾ ಮಾರುವವರನ್ನು ಮತ್ತು ಮೋಟಾರ್ ರಿವೈಂಡಿಂಗ್ ಮಾಡುವವರನ್ನು ಕೇಳುವುದು ಇನ್ನೂ ಒಳ್ಳೆಯದು. ಯಾರ ಯಂತ್ರ ಸುಮ್ಮನೆ ನಿಂತಿದೆ ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ.

ಹಣ ಕೊಡಬೇಕಾದದ್ದು ಮೂರು ಭಾಗಗಳಿಗೆ: ಮೇಲ್ಮೈಯ ಎರಕ, ಬ್ಲೇಡ್ ಕೂರುವ ಶಾಫ್ಟ್, ಮತ್ತು ಆ ಶಾಫ್ಟನ್ನು ಏರಿಸಿ ಇಳಿಸಿ ಓರೆ ಮಾಡುವ ಕೆಳಭಾಗದ ಎರಕದ ತುಂಡುಗಳು. ಮೋಟಾರ್, ಬೆಲ್ಟ್, ಬೇರಿಂಗ್, ಸ್ಟಾರ್ಟರ್, ಹಲಗೆಯನ್ನು ಒರಗಿಸಿ ತಳ್ಳುವ ಫೆನ್ಸ್ ಎಲ್ಲವನ್ನೂ ಬದಲಿಸಬಹುದು. ಕೆಳಗಿನ ಎರಕದಲ್ಲಿ ಬಿರುಕು ಇದ್ದರೆ, ಅಥವಾ ಒಮ್ಮೆ ಒಡೆದು ವೆಲ್ಡಿಂಗ್ ಆಗಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಯಂತ್ರವನ್ನು ಬಿಟ್ಟು ಬರಬೇಕು. ಟಾರ್ಚ್ ಹಿಡಿದು ಕೆಳಗೆ ಕುಳಿತು, ಹೊಟ್ಟು ಮತ್ತು ಗ್ರೀಸಿನ ಪದರನ್ನು ಕೆರೆದು ನೋಡದೆ ಇದು ತಿಳಿಯುವುದಿಲ್ಲ. ಗೇರಿನ ಹಲ್ಲುಗಳಲ್ಲಿ ಹೊಟ್ಟು ಗಟ್ಟಿಯಾಗಿ ಕುಳಿತು ಏರಿಳಿಸುವ ಕೈಚಕ್ರ ತಿರುಗದಿರುವುದು ದೋಷವಲ್ಲ. ಹಲ್ಲು ಮುರಿದಿದ್ದರೆ ಮಾತ್ರ ದೋಷ.

ನೋಡಲು ಹೋಗುವಾಗ ಎರಡು ಅಡಿಯ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ), ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ಮತ್ತು ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಜೊತೆಗಿರಲಿ. ಸ್ಟ್ರೇಟ್ ಎಡ್ಜನ್ನು ಮೇಲ್ಮೈಯ ಮೇಲೆ ಉದ್ದ, ಅಡ್ಡ, ಎರಡೂ ಮೂಲೆಗೆರೆಗಳಲ್ಲಿ ಇಟ್ಟು ಕೆಳಗೆ ಫೀಲರ್ ತೂರಿಸಿ ನೋಡಬೇಕು, 0.2 ಮಿ.ಮೀ. ತಗ್ಗು ಬಡಿಗತನಕ್ಕೆ ಅಡ್ಡಿಯಾಗದು, ಅದಕ್ಕಿಂತ ಬಹಳ ಹೆಚ್ಚಾದರೆ ಸರ್ಫೇಸ್ ಗ್ರೈಂಡಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಬಳಿಕ ಮೇನ್ ಸ್ವಿಚ್ ಬಂದ್ ಮಾಡಿಸಿ, ಬೆಲ್ಟ್ ಮತ್ತು ಬ್ಲೇಡ್ ಬಿಚ್ಚಿ, ಶಾಫ್ಟಿನ ಫ್ಲ್ಯಾಂಜಿಗೆ (ಬ್ಲೇಡ್ ಒರಗುವ ಬಿಲ್ಲೆಗೆ) ಡಯಲ್ ಗೇಜ್ ತಾಗಿಸಿ ಕೈಯಿಂದ ತಿರುಗಿಸಬೇಕು. ಮುಳ್ಳು 0.03 ಮಿ.ಮೀ. ಒಳಗೆ ಆಡಿದರೆ ಶಾಫ್ಟ್ ಉತ್ತಮ. ಅದಕ್ಕಿಂತ ಹೆಚ್ಚು ಆಡಿದರೆ, ಮೊದಲು ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ಬೇರಿಂಗಿನ ಸವೆತವೋ ಶಾಫ್ಟಿನ ಸೊಟ್ಟೋ ಎಂದು ಗೊತ್ತುಮಾಡಿಕೊಳ್ಳಬೇಕು. ಸವೆದ ಬೇರಿಂಗನ್ನು ಸುಲಭವಾಗಿ ಬದಲಿಸಬಹುದು, ಸೊಟ್ಟ ಶಾಫ್ಟಿಗೆ ಒಳ್ಳೆಯ ಟರ್ನರ್ (ಲೇಥ್ ಕೆಲಸಗಾರ) ಬೇಕಾಗುತ್ತದೆ. ಮಾರುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಗುಜರಿಯ ಕಿಲೋ ದರ ಇದ್ದೇ ಇರುತ್ತದೆ. ಯಂತ್ರದ ತೂಕವನ್ನು ಅಂದಾಜು ಮಾಡಿ ಆ ಮೊತ್ತವನ್ನು ಲೆಕ್ಕ ಹಾಕಿಕೊಂಡರೆ ಚೌಕಾಸಿಯ ಕೆಳಗಿನ ಗೆರೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ಕೊಳ್ಳುವ ಮುನ್ನವೇ ಮುಗಿಸಬೇಕು. ಕಾರ್ಖಾನೆಯ ಮೋಟಾರುಗಳು ಬಹುತೇಕ 415 ವೋಲ್ಟಿನ ತ್ರೀ ಫೇಸ್. ಮನೆಯಲ್ಲಿ ಇರುವುದು ಸಾಮಾನ್ಯವಾಗಿ 230 ವೋಲ್ಟಿನ ಸಿಂಗಲ್ ಫೇಸ್. ಹೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ ಪಡೆಯುವುದು ಒಂದು ದಾರಿ, ಮತ್ತು ದೀರ್ಘಕಾಲಕ್ಕೆ ಅದೇ ನೆಮ್ಮದಿಯ ದಾರಿ. ಇನ್ನೊಂದು ದಾರಿ ವಿಎಫ್‌ಡಿ, ಅಂದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಆಗಿ ಮಾಡಿ ಮೋಟಾರಿಗೆ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಸಾಮಾನ್ಯ ಸಿಂಗಲ್ ಫೇಸ್ ವಿಎಫ್‌ಡಿ 230 ವೋಲ್ಟಿನ ತ್ರೀ ಫೇಸ್ ಕೊಡುತ್ತದೆಯೇ ಹೊರತು 415 ಅಲ್ಲ. ಸ್ಟಾರ್, ಡೆಲ್ಟಾ ಎಂಬವು ಮೋಟಾರಿನ ವೈಂಡಿಂಗಿನ ತುದಿಗಳನ್ನು ಜೋಡಿಸುವ ಎರಡು ಬಗೆಗಳು. ಮೋಟಾರಿನ ಪ್ಲೇಟಿನ ಮೇಲೆ 415 ವೋಲ್ಟ್ ಸ್ಟಾರ್ ಎಂದಿದ್ದು, ವೈಂಡಿಂಗಿನ ಆರೂ ತುದಿಗಳು ಹೊರಗೆ ಸಿಗುವಂತಿದ್ದರೆ, ಅದನ್ನು ಡೆಲ್ಟಾ ಜೋಡಣೆಗೆ ಬದಲಿಸಿ ಆ ವಿಎಫ್‌ಡಿಯಿಂದ ಓಡಿಸಬಹುದು. 415 ವೋಲ್ಟ್ ಡೆಲ್ಟಾ ಎಂದಿದ್ದರೆ ಈ ಉಪಾಯ ನಡೆಯುವುದಿಲ್ಲ. ಯಾವ ದಾರಿ ಹಿಡಿದರೂ ಮಂಜೂರಾದ ಲೋಡ್ ಸಾಕೇ ಎಂದು ನೋಡಿಸಿ, ವೈರಿಂಗ್ ಮತ್ತು ಅರ್ಥಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

ಸಾಗಿಸುವಾಗ ಬ್ಲೇಡ್, ಫೆನ್ಸ್ ಮತ್ತು ಮೋಟಾರನ್ನು ಬಿಚ್ಚಿ ಬೇರೆಯಾಗಿ ಇಡಬೇಕು. ಯಂತ್ರವನ್ನು ಮೇಲ್ಮೈಯ ಅಂಚು ಹಿಡಿದು ಎತ್ತಲೇಬಾರದು. ಬುಡಕ್ಕೆ ಪಟ್ಟಿ ಹಾಕಿ ಚೈನ್ ಪುಲ್ಲಿಯಿಂದ ಎತ್ತಬೇಕು.

ದುರಸ್ತಿಯ ಮೊದಲ ಕೆಲಸ ಬಿಚ್ಚುವುದು, ಮತ್ತು ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು. ಹಳೆಯ ಗ್ರೀಸ್ ಮತ್ತು ಮರದ ಅಂಟನ್ನು ಡೀಸೆಲ್ ಮತ್ತು ವೈರ್ ಬ್ರಶ್ಶಿನಿಂದ ತೆಗೆಯಬಹುದು. ಮೇಲ್ಮೈಯ ತುಕ್ಕಿಗೆ ಮೊದಲು ರೇಜರ್ ಬ್ಲೇಡಿನಿಂದ ಹಗುರವಾಗಿ ಕೆರೆದು, ನಂತರ ತೆಳು ಎಣ್ಣೆ ಹಾಕಿ 320 ನಂಬರಿನ ಎಮರಿ ಹಾಳೆಯನ್ನು ಸಪಾಟಾದ ಕಟ್ಟಿಗೆಯ ತುಂಡಿಗೆ ಸುತ್ತಿ ಉಜ್ಜಬೇಕು. ಆಂಗಲ್ ಗ್ರೈಂಡರಿಗೆ ಎಮರಿ ಚಕ್ರ ಹಾಕಿ ಮೇಲ್ಮೈಯನ್ನು ಹೊಳೆಯಿಸುವ ಪದ್ಧತಿ ಇದೆ. ಅದು ಎರಕದಲ್ಲಿ ತಗ್ಗುಗಳನ್ನು ಮಾಡಿ ಮೇಲ್ಮೈಯನ್ನು ಕಾಯಂ ಆಗಿ ಕೆಡಿಸುತ್ತದೆ. ತುಕ್ಕಿನ ಕಪ್ಪು ಕಲೆಗಳು ಉಳಿದರೆ ಉಳಿಯಲಿ, ಅವು ಕೆಲಸಕ್ಕೆ ಅಡ್ಡಿಯಲ್ಲ. ಸಣ್ಣ ಭಾಗಗಳನ್ನು ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿಟ್ಟು, ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಬೇಕು. ಏರಿಳಿಸುವ ಗೇರುಗಳಿಗೆ ಗ್ರೀಸ್ ತುಂಬಿದರೆ ಹೊಟ್ಟು ಮತ್ತೆ ಅಂಟುತ್ತದೆ. ಅಲ್ಲಿ ಮೇಣ ಅಥವಾ ಗ್ರಾಫೈಟ್ ಪುಡಿ ಉತ್ತಮ.

ಬೇರಿಂಗುಗಳನ್ನು, ಸದ್ದು ಇಲ್ಲದಿದ್ದರೂ, ಬದಲಿಸಿಬಿಡುವುದು ಸೂಕ್ತ. ಹಳೆಯ ಬೇರಿಂಗಿನ ಮೇಲಿನ ನಂಬರನ್ನು, ಉದಾಹರಣೆಗೆ 6205 ಎಂದಿದ್ದರೆ ಅದನ್ನೇ, ಎರಡೂ ಬದಿಗೆ ರಬ್ಬರ್ ಸೀಲ್ ಇರುವ ಬಗೆಯಲ್ಲಿ ಕೇಳಬೇಕು, ಏಕೆಂದರೆ ಕಟ್ಟಿಗೆಯ ಸಣ್ಣ ಧೂಳು ಲೋಹದ ಮುಚ್ಚಳದ ಸಂದಿನಿಂದ ಒಳಗೆ ಹೋಗುತ್ತದೆ. ಬೇರಿಂಗಿನಲ್ಲಿ ನಕಲಿ ಮಾಲು ಬಹಳ. ಅಧಿಕೃತ ಡೀಲರ್ ಬಳಿ ಬಿಲ್ಲಿನೊಂದಿಗೆ ಕೊಂಡರೆ ಚಿಂತೆ ತಪ್ಪುತ್ತದೆ. ಶಾಫ್ಟಿಗೆ ಏರಿಸುವಾಗ ಒತ್ತಡವು ಒಳಗಿನ ಉಂಗುರದ ಮೇಲೆಯೇ ಬೀಳಬೇಕು. ಹೊರಗಿನ ಉಂಗುರಕ್ಕೆ ಸುತ್ತಿಗೆಯ ಪೆಟ್ಟು ಬಿದ್ದರೆ ಗುಂಡುಗಳ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳಾಗಿ ಹೊಸ ಬೇರಿಂಗ್ ಮೊದಲ ದಿನವೇ ಕೆಡುತ್ತದೆ.

ವೇಗವನ್ನು ಪುಲ್ಲಿಗಳು ನಿರ್ಧರಿಸುತ್ತವೆ. 2880 ಸುತ್ತಿನ ಮೋಟಾರಿಗೆ 4 ಇಂಚಿನ ಪುಲ್ಲಿ, ಶಾಫ್ಟಿಗೆ 3 ಇಂಚಿನದು ಇದ್ದರೆ ಬ್ಲೇಡ್ ನಿಮಿಷಕ್ಕೆ 3840 ಸುತ್ತು ತಿರುಗುತ್ತದೆ. 10 ಇಂಚಿನ ಬ್ಲೇಡಿನ ಹಲ್ಲು ಆಗ ಸೆಕೆಂಡಿಗೆ ಸುಮಾರು 51 ಮೀಟರ್ ಓಡುತ್ತದೆ, ಕಾರ್ಬೈಡ್ ಹಲ್ಲಿಗೆ ಇದು ಒಳ್ಳೆಯ ವೇಗ. ಹಿಂದಿನ ಮಾಲೀಕರು ಪುಲ್ಲಿಗಳನ್ನು ಬದಲಿಸಿರಬಹುದಾದ್ದರಿಂದ ಲೆಕ್ಕ ಹಾಕಿ, ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತನ್ನು ಮೀರದಂತೆ ನೋಡಿಕೊಳ್ಳಬೇಕು.

ಬಹುಕಾಲ ನಿಂತಿದ್ದ ಮೋಟಾರಿಗೆ ವಿದ್ಯುತ್ ಕೊಡುವ ಮುನ್ನ 500 ವೋಲ್ಟಿನ ಮೆಗ್ಗರಿನಿಂದ (ಇನ್ಸುಲೇಶನ್ ಅಳೆಯುವ ಉಪಕರಣ) ವೈಂಡಿಂಗನ್ನು ಪರೀಕ್ಷಿಸಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸುವುದೋ ರಿವೈಂಡಿಂಗೋ ಬೇಕೆಂದು ಅರ್ಥ. ನೇರ ತ್ರೀ ಫೇಸ್ ಸಂಪರ್ಕವಾದರೆ ಓವರ್‌ಲೋಡ್ ರಿಲೇ ಇರುವ ಡಿಓಎಲ್ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ) ಸ್ಟಾರ್ಟರ್ ಹಾಕಿಸಬೇಕು. ಕರೆಂಟ್ ಹೋಗಿ ಬಂದಾಗ ಗುಂಡಿ ಒತ್ತುವವರೆಗೆ ಯಂತ್ರ ಸುಮ್ಮನಿರುವುದೇ ಅದರ ದೊಡ್ಡ ಉಪಕಾರ. ಸಾದಾ ಸ್ವಿಚ್ಚಿನ ಮೇಲಿದ್ದರೆ ಹಲಗೆ ಸರಿಪಡಿಸುತ್ತಿರುವ ಕೈಯ ಪಕ್ಕದಲ್ಲಿಯೇ ಬ್ಲೇಡ್ ತಾನಾಗಿ ಹೊರಡುತ್ತದೆ. ವಿಎಫ್‌ಡಿಯಲ್ಲಿ ಇದೇ ಉದ್ದೇಶಕ್ಕಾಗಿ ತಾನಾಗಿ ಮತ್ತೆ ಶುರುವಾಗುವ ಸೆಟ್ಟಿಂಗನ್ನು ಬಂದ್ ಮಾಡಬೇಕು, ಮತ್ತು ಅದರ ಹಾಗೂ ಮೋಟಾರಿನ ನಡುವೆ ಸ್ಟಾರ್ಟರ್ ಇರಬಾರದು. ಮೊದಲ ಬಾರಿ ಓಡಿಸುವಾಗ ಬ್ಲೇಡ್ ಬಿಚ್ಚಿಟ್ಟೇ ದಿಕ್ಕನ್ನು ನೋಡಬೇಕು. ತ್ರೀ ಫೇಸ್ ಮೋಟಾರ್ ಯಾವ ದಿಕ್ಕಿಗಾದರೂ ತಿರುಗಬಹುದು, ತಿರುಗುವ ದಿಕ್ಕು ತಪ್ಪಿದರೆ ಬ್ಲೇಡಿನ ನಟ್ಟು ತಾನಾಗಿ ಸಡಿಲವಾಗುತ್ತದೆ. ಸಪ್ಲೈ ಬಂದ್ ಮಾಡಿ ಯಾವುದಾದರೂ ಎರಡು ಫೇಸ್ ತಂತಿಗಳನ್ನು ಅದಲು ಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ.

ಇನ್ನು ಹೊಂದಾಣಿಕೆ. ಬ್ಲೇಡಿನ ಒಂದು ಹಲ್ಲಿಗೆ ಗುರುತು ಮಾಡಿ, ಮೈಟರ್ ಸ್ಲಾಟಿನಿಂದ (ಮೇಲ್ಮೈಯಲ್ಲಿ ಬ್ಲೇಡಿನ ಪಕ್ಕ ಕೊರೆದಿರುವ ಉದ್ದನೆಯ ತೋಡು) ಆ ಹಲ್ಲಿನ ದೂರವನ್ನು ಮುಂದುಗಡೆ ಅಳೆದು, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಬೇಕು. ವ್ಯತ್ಯಾಸ 0.1 ಮಿ.ಮೀ. ಒಳಗಿರಲಿ. ಒಂದೇ ಹಲ್ಲನ್ನು ಬಳಸುವುದರಿಂದ ಬ್ಲೇಡಿನ ಸೊಟ್ಟು ಅಳತೆಯಲ್ಲಿ ಸೇರುವುದಿಲ್ಲ. ಬಳಿಕ ಫೆನ್ಸನ್ನು ಅದೇ ಸ್ಲಾಟಿಗೆ ಸಮಾನಾಂತರವಾಗಿ ಕೂರಿಸಬೇಕು. ಹಿಂದುಗಡೆ ಕೂದಲೆಳೆಯಷ್ಟು ಅಗಲವಾದರೆ ಅಡ್ಡಿಯಿಲ್ಲ, ಕಿರಿದಾದರೆ ಹಲಗೆ ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ.

ಹಾಗೆ ಸಿಕ್ಕ ಹಲಗೆಯನ್ನು ಬ್ಲೇಡಿನ ಹಿಂಭಾಗದ ಹಲ್ಲುಗಳು ಎತ್ತಿ, ಯಂತ್ರದ ಮುಂದೆ ನಿಂತವರ ಹೊಟ್ಟೆಗೆ ಎಸೆಯುತ್ತವೆ. ಇದನ್ನು ತಡೆಯುವುದು ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ಉಕ್ಕಿನ ತಗಡು, ಮತ್ತು ಹಳೆಯ ಯಂತ್ರಗಳಲ್ಲಿ ಬಹುಮಟ್ಟಿಗೆ ಇಲ್ಲದಿರುವುದೂ ಅದೇ. ಮೊದಲ ಹಲಗೆ ಕೊಯ್ಯುವ ಮುನ್ನ ಅದನ್ನು ಮಾಡಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ತಗಡಿನ ದಪ್ಪ ಬ್ಲೇಡಿನ ಮೈಗಿಂತ ಹೆಚ್ಚು, ಹಲ್ಲು ಕೊಯ್ಯುವ ಸೀಳಿಗಿಂತ ಕಡಿಮೆ ಇರಬೇಕು: ಮೈ 2.2, ಸೀಳು 3.2 ಮಿ.ಮೀ. ಆದರೆ 2.5 ಮಿ.ಮೀ. ತಗಡು ಸರಿ. ಹಲ್ಲುಗಳಿಂದ ಅದರ ಅಂತರ 3ರಿಂದ 8 ಮಿ.ಮೀ. ಇರಲಿ, ತುದಿ ಬ್ಲೇಡಿನ ನೆತ್ತಿಗಿಂತ ತುಸು ಕೆಳಗಿರಲಿ, ಮತ್ತು ಬ್ಲೇಡಿನೊಂದಿಗೆ ಏರಿಳಿಯುವಂತೆ ಶಾಫ್ಟಿನ ಎರಕಕ್ಕೇ ಬೋಲ್ಟ್ ಆಗಲಿ. ಬ್ಲೇಡಿನ ಮೇಲೊಂದು ಮುಚ್ಚಳ ಮತ್ತು ಕೈಗೆ ಬದಲಾಗಿ ತಳ್ಳುಕೋಲು ಸಹ ಬೇಕು. ಕೈಗವಸು ಮಾತ್ರ ಬೇಡ, ಹಲ್ಲು ಅದನ್ನು ಹಿಡಿದು ಕೈಯನ್ನೇ ಒಳಗೆ ಎಳೆಯುತ್ತದೆ.

ಕಟ್ಟಿಗೆಯ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಯಂತ್ರದ ಕೆಳಗೆ ತಗಡು ಮುಚ್ಚಿ 4 ಇಂಚಿನ ಪೈಪಿನಿಂದ ಡಸ್ಟ್ ಕಲೆಕ್ಟರ್ ಜೋಡಿಸಿ, ಮಾಸ್ಕ್ ಧರಿಸಬೇಕು. ದುಂಡು ದಿಮ್ಮಿಗಳನ್ನು ಇದರ ಮೇಲೆ ಸೀಳಬಾರದು: ಅವು ಉರುಳಿ ಅಪಾಯ ತರುತ್ತವೆ, ಅಲ್ಲದೆ ಅದು ಅರಣ್ಯ ಇಲಾಖೆಯ ಪರವಾನಗಿ ಬೇಕಾಗುವ ಸಾ ಮಿಲ್ಲಿನ ಕೆಲಸ.

ನಮ್ಮ ಭಾಗದ ಎರೆ ಭೂಮಿಯಲ್ಲಿ ಕಟ್ಟಿದ ಮನೆಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ನೆಲ ಅಲುಗಿ ಯಂತ್ರದ ಮಟ್ಟ ತಪ್ಪುತ್ತದೆ. ಕಾಲುಗಳ ಕೆಳಗೆ ಶಿಮ್ (ಮಟ್ಟ ಸರಿಪಡಿಸುವ ತೆಳು ತಗಡು) ಇಟ್ಟು, ಮಳೆಗಾಲದ ಮೊದಲು ಮತ್ತು ನಂತರ ಸ್ಪಿರಿಟ್ ಲೆವೆಲ್ಲಿನಿಂದ ನೋಡಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂದೇ ರಾತ್ರಿಗೆ ಎರಕದ ಮೇಲೆ ತುಕ್ಕು ಮೂಡುತ್ತದೆಯಾದ್ದರಿಂದ ಜೂನ್ ಬರುವ ಮುನ್ನ ಸಿಲಿಕೋನ್ ಇಲ್ಲದ ಪೇಸ್ಟ್ ವ್ಯಾಕ್ಸ್ ಹಚ್ಚಿ ಉಜ್ಜಬೇಕು; ಸಿಲಿಕೋನ್ ಇದ್ದರೆ ಅದು ಹಲಗೆಗೆ ಹತ್ತಿ ಮುಂದೆ ಪಾಲಿಶ್ ಹಿಡಿಯುವುದಿಲ್ಲ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಗಳ ಕೆಲಸದಲ್ಲಿಯೇ ಹಿಗ್ಗುತ್ತದೆ. ಆಗ ಅದನ್ನು ಬಿಗಿ ಮಾಡಿ, ಬ್ಲೇಡ್ ಮತ್ತು ಸ್ಲಾಟಿನ ಅಳತೆಯನ್ನು ಇನ್ನೊಮ್ಮೆ ತೆಗೆದುಕೊಳ್ಳಬೇಕು.