ಪರ್ಸಿ ಮೇಲೆ ನಡೆದು, ಆಮೆಗೆ ದಾರಿ ಹೇಳಿದ್ದು

ಬೀದರಿನಲ್ಲಿ ಏಳನೇ, ಎಂಟನೇ ಕ್ಲಾಸಿನ ಮಕ್ಕಳಿಗೆ ರಜೆ ಸಿಕ್ಕಾಗಲೆಲ್ಲ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತೇನೆ. ಶುರು ಮಾಡುವುದು ಚಿತ್ರದಿಂದಲೇ. ಹೆಸರು ಕೇಳಿ 'ಹಲೋ' ಅನ್ನುವ ಪ್ರೋಗ್ರಾಮು, ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಮು ಮಕ್ಕಳಿಗೆ ಸಪ್ಪೆ. "ಅದಕ್ಕ ಕ್ಯಾಲ್ಕ್ಯುಲೇಟರ್ ಅದಲ್ಲ ಸರ?" ಅಂತ ಕೇಳುತ್ತಾರೆ. ನ್ಯಾಯವೇ ಅಲ್ವಾ? ಪರದೆ ಮೇಲೆ ಒಂದು ಗೆರೆ ತಾನಾಗಿ ಓಡಲಿ, ಹಿಂದೆ ಕೂತವರೂ ಎದ್ದು ಮುಂದೆ ಬರುತ್ತಾರೆ.

ಪೈಥಾನ್ ಜೊತೆಗೇ ಬರುವ 'ಟರ್ಟಲ್' ಇದಕ್ಕೆ ಸಾಕು. ಪರದೆ ಮೇಲೆ ಒಂದು ಆಮೆ, ಅದರ ಹೊಟ್ಟೆ ಕೆಳಗೆ ಪೆನ್ನು. ಮುಂದೆ ಹೋಗು ಅಂದರೆ ಹೋಗುತ್ತದೆ, ತಿರುಗು ಅಂದರೆ ತಿರುಗುತ್ತದೆ. ಹೋದಲ್ಲೆಲ್ಲ ಗೆರೆ ಬೀಳುತ್ತದೆ. ಈ ಆಮೆ ಹಳೆಯದು. ವಾಲಿ ಫ್ಯೂರ್ಜಿಗ್, ಸೇಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಸೇರಿ ಅಮೆರಿಕದಲ್ಲಿ 1967ರಲ್ಲಿ ಮಕ್ಕಳಿಗಾಗಿ ಲೋಗೋ ಅನ್ನುವ ಭಾಷೆ ಮಾಡಿದರು. ಕೆಲವು ವರ್ಷಕ್ಕೆ ಅದರ ಮಾತು ಕೇಳುವ ಯಂತ್ರದ ಆಮೆ ಬಂತು. ಅದು ನಿಜವಾಗಿ ನೆಲದ ಮೇಲೆ ಓಡಾಡುತ್ತಿತ್ತು. ನಾನೂ ಮೊದಲು ಮಕ್ಕಳನ್ನು ನೆಲಕ್ಕೇ ಇಳಿಸುತ್ತೇನೆ. ಕಂಪ್ಯೂಟರ್ ಆನ್ ಮಾಡುವುದು ಆಮೇಲೆ.

ನಮ್ಮ ಕಡೆ ನೆಲಕ್ಕೆ ಶಹಾಬಾದ್ ಪರ್ಸಿ ಹಾಸಿರುತ್ತಾರೆ. ಚೌಕ ಕಲ್ಲುಗಳು, ನಡುವೆ ಸಿಮೆಂಟಿನ ಸಂದು. ಚೌಕ ಬಿಡಿಸಲು ಇದಕ್ಕಿಂತ ಒಳ್ಳೆ ಹಲಗೆ ಬೇಡ. ಒಬ್ಬ ಆಮೆ, ಇನ್ನೊಬ್ಬ ಹೇಳುವವನು. ಆಮೆ ಆದವನು ಹೇಳಿದ್ದಷ್ಟೇ ಮಾಡಬೇಕು, ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ. "ಮೂರು ಕಲ್ಲು ಮುಂದ ಹೋಗು. ಬಲಕ್ಕ ತಿರುಗು." ಎಷ್ಟು ತಿರುಗಬೇಕು ಅಂತ ಹೇಳದಿದ್ದರೆ ಆಮೆ ನಿಂತಲ್ಲೇ ನಿಲ್ಲುತ್ತದೆ. ಬೈದರೂ ಕದಲಬಾರದು. ಇದನ್ನು ಮಕ್ಕಳು ಬಹಳ ಖುಷಿಯಿಂದ ಪಾಲಿಸುತ್ತಾರೆ.

ಎಡ ಬಲದ ಗೊಂದಲ ಇಲ್ಲೇ ಬಗೆಹರಿಯಬೇಕು. ಆಮೆ ನಮ್ಮ ಕಡೆ ಮುಖ ಮಾಡಿ ಬರುತ್ತಿದ್ದರೆ ಅದರ ಬಲ ನಮಗೆ ಎಡ. ಪರದೆ ಮೇಲೂ ಹಾಗೇ. ಜೊತೆಗೆ, ಟರ್ಟಲ್ ಶುರುವಿನಲ್ಲಿ ಪರದೆಯ ನಡುವೆ ಬಲಗಡೆಗೆ ಮುಖ ಮಾಡಿ ನಿಂತಿರುತ್ತದೆ. ಮಕ್ಕಳು ಅದು ಮೇಲಕ್ಕೆ ನೋಡುತ್ತಿದೆ ಅಂದುಕೊಂಡು ಆಜ್ಞೆ ಕೊಡುತ್ತಾರೆ. ನಾನು ಉತ್ತರ ಹೇಳುವುದಿಲ್ಲ. "ಎದ್ದು ಅದರ ಹಾಗೆ ನಿಲ್ಲು" ಅನ್ನುತ್ತೇನೆ ಅಷ್ಟೇ. ಕುರ್ಚಿ ಬಿಟ್ಟು ಎದ್ದು, ಮೈ ತಿರುಗಿಸಿ, ಮತ್ತೆ ಕೂತು ಟೈಪ್ ಮಾಡುತ್ತಾರೆ. ನೋಡುವವರಿಗೆ ಕ್ಲಾಸು ಗಲಾಟೆ ಅನ್ನಿಸುತ್ತದೆ, ಅನ್ನಿಸಲಿ ಬಿಡಿ.

ಆಜ್ಞೆಗಳು ಇಂಗ್ಲಿಷಿನಲ್ಲಿ ಇರುತ್ತವಲ್ಲ, ಅದಕ್ಕೂ ಒಂದು ದಾರಿ ಇದೆ. 2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಫೈಲಿನ ಮೇಲ್ಗಡೆ 'ಮುಂದೆ' ಅಂದರೆ ಫಾರ್ವರ್ಡ್, 'ಬಲಕ್ಕೆ' ಅಂದರೆ ರೈಟ್, 'ಎಡಕ್ಕೆ' ಅಂದರೆ ಲೆಫ್ಟ್ ಅಂತ ನಾನೇ ಬರೆದಿಡುತ್ತೇನೆ. ಆಮೇಲೆ ಮಕ್ಕಳು ಬರೆಯುವುದು ಇಷ್ಟೇ:

ಮುಂದೆ(100)
ಬಲಕ್ಕೆ(90)

ಅಂಕಿ ಮಾತ್ರ ಇಂಗ್ಲಿಷಿನವೇ ಇರಲಿ, ಕನ್ನಡ ಅಂಕಿ ನಡೆಯುವುದಿಲ್ಲ. ಇನ್ನೊಂದು ಮಾತು. 'ಪೆನ್‌ಅಪ್' ಥರದ ಪದದಲ್ಲಿ ಅರ್ಧಾಕ್ಷರ ಬಿಡಿಸಿ ಬರೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಸೇರಿಕೊಳ್ಳುತ್ತದೆ. ಪೈಥಾನ್ ಅದನ್ನು ಒಪ್ಪುವುದಿಲ್ಲ, ಎರರ್ ಕೊಡುತ್ತದೆ. ಅದಕ್ಕೇ ಆಮೆಯ ಪೆನ್ನು ಎತ್ತಲು, ಇಳಿಸಲು 'ಎತ್ತು', 'ಇಳಿಸು' ಅಂತ ಸರಳ ಹೆಸರು ಇಡಿ. ಸ್ವಲ್ಪ ಕೈ ಪಳಗಿದ ಮೇಲೆ ಮಕ್ಕಳು ತಾವಾಗೇ ಫಾರ್ವರ್ಡ್, ರೈಟ್‌ಗೆ ಹೋಗುತ್ತಾರೆ, ಕನ್ನಡ ಟೈಪಿಂಗ್ ಅವರಿಗೆ ನಿಧಾನ. ನಾನು ತಡೆಯುವುದಿಲ್ಲ. ಮನೆಯಲ್ಲಿ ಉರ್ದು, ಮರಾಠಿ ಆಡುವ ಮಕ್ಕಳೂ ಇದ್ದಾರೆ. ಅವರು ತಮ್ಮ ಮಾತಿನ ಹೆಸರು ಇಟ್ಟುಕೊಂಡರೆ ಆಮೆಗೇನೂ ಬೇಜಾರಿಲ್ಲ.

ಚೌಕ ಸುಲಭ. ಎರಡು ಸಾಲು ನಾಲ್ಕು ಸಲ ಬರೆದು ಬೇಸತ್ತ ಮೇಲೆ, ಅದೇ ಸಾಲುಗಳನ್ನು ಬೇಕಾದಷ್ಟು ಸಲ ಓಡಿಸುವ 'ಫಾರ್' ಲೂಪ್ ಹೇಳಿಕೊಡಿ, ಮೊದಲೇ ಬೇಡ. 'ಫಾರ್' ಸಾಲಿನ ಕೊನೆಯ ಎರಡು ಚುಕ್ಕಿ (:), ಒಳಗಿನ ಸಾಲಿನ ಮುಂದಿನ ಖಾಲಿ ಜಾಗ, ಇವೆರಡನ್ನು ಮರೆಯದವರು ಇಲ್ಲ.

ನಿಜವಾದ ಪಾಠ ತ್ರಿಕೋನದಲ್ಲಿದೆ. ಸಮಬಾಹು ತ್ರಿಕೋನಕ್ಕೆ ಎಷ್ಟು ತಿರುಗಬೇಕು ಅಂದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "60" ಅನ್ನುತ್ತದೆ. ಪುಸ್ತಕದಲ್ಲಿ ಹಾಗೇ ಇದೆಯಲ್ಲ. ಹಾಕಿ ನೋಡಿದರೆ ಮೂರು ಗೆರೆ ಬಿದ್ದು ಬಾಯಿ ತೆರೆದೇ ಉಳಿಯುತ್ತದೆ. "ಸರ, ಯಾಕ ಕೂಡವಲ್ದು?" ಅಳಿಸಲು ಬಿಡಬೇಡಿ. ಇನ್ನೂ ಮೂರು ಸಲ ಓಡಿಸಲು ಹೇಳಿ, ಚೆಂದದ ಷಟ್ಕೋನ ಆಗುತ್ತದೆ. ಆಮೇಲೆ ಮತ್ತೆ ನೆಲಕ್ಕೆ. ಚಾಕ್‌ಪೀಸಿನಿಂದ ದೊಡ್ಡ ತ್ರಿಕೋನ ಬರೆದು ಒಬ್ಬಳನ್ನು ಅದರ ಗೆರೆ ಮೇಲೆ ನಡೆಸಿ. ಮೂಲೆಯಲ್ಲಿ ನಿಲ್ಲಿಸಿ ಕೇಳಿ: ನೇರ ಹೋಗಿದ್ದರೆ ಎಲ್ಲಿಗೆ ಹೋಗುತ್ತಿದ್ದೆ? ಕೈ ಚಾಚಿ ತೋರಿಸು. ಈಗ ಎಲ್ಲಿಗೆ ಹೋಗಬೇಕು? ಆ ಕಡೆ ಕೈ ತಿರುಗಿಸು. ಕೈ ಕಾಟಕೋನ (90 ಡಿಗ್ರಿ) ದಾಟಿ ಹಿಂದಕ್ಕೆ ಹೋಗುವುದನ್ನು ಎಲ್ಲರೂ ನೋಡುತ್ತಾರೆ. ಒಳಗಿನ ಕೋನ 60, ಆಮೆ ತಿರುಗುವುದು 120. ಮೂರು ಮೂಲೆ ಸೇರಿ 360, ಅಂದರೆ ಪೂರ್ತಿ ಒಂದು ಸುತ್ತು.

ಅಷ್ಟು ಗೊತ್ತಾದರೆ ಉಳಿದದ್ದು ಭಾಗಾಕಾರ. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಅನ್ನುವ ಹಳೆಯ ಗೋರಿ ಕಟ್ಟಡ ಎಂಟು ಮೂಲೆಯದು. ಅಲ್ಲಿಗೆ ಹೋಗಿ ಬಂದ ಮಕ್ಕಳೇ 360ನ್ನು ಎಂಟರಿಂದ ಭಾಗಿಸಿ 45 ಅಂತಾರೆ. ಐದು ಮೂಲೆಯ ನಕ್ಷತ್ರಕ್ಕೆ 72 ಹಾಕಿದರೆ ಪಂಚಕೋನ ಬರುತ್ತದೆ. ನಕ್ಷತ್ರ ಬಿಡಿಸುವಾಗ ಆಮೆ ಎರಡು ಸುತ್ತು ತಿರುಗುತ್ತದೆ, ಅದಕ್ಕೇ 720ರಲ್ಲಿ ಐದನೇ ಒಂದು ಪಾಲು, 144. ಒಂದು ಹೆಜ್ಜೆ ಮುಂದೆ, ಒಂದು ಡಿಗ್ರಿ ತಿರುಗು, ಹೀಗೆ 360 ಸಲ ಅಂದರೆ ವೃತ್ತ. ಸುತ್ತಳತೆ 360 ಇದ್ದರೆ ತ್ರಿಜ್ಯ ಸುಮಾರು 57. ಪೈ ಯಾಕೆ ಬೇಕು ಅಂತ ಆಗ ಬೇರೆ ಹೇಳಬೇಕಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಇದ್ದರೆ ಟಿಕೆ ಅನ್ನುವ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕಾಗಬಹುದು, ಇಲ್ಲದಿದ್ದರೆ ಟರ್ಟಲ್ ತೆರೆಯುವುದಿಲ್ಲ. ಫೈಲಿಗೆ 'ಟರ್ಟಲ್' ಅಂತಲೇ ಹೆಸರಿಟ್ಟರೆ ಪೈಥಾನ್ ನಿಜವಾದ ಟರ್ಟಲ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಮಕ್ಕಳಿಗೆ ಮೊದಲು ಹೊಳೆಯುವ ಹೆಸರೂ ಅದೇ.

ಬಿದ್ರಿ ಕೆಲಸದ ಮನೆಯ ಹುಡುಗನೊಬ್ಬನಿಗೆ ಈ ಚೌಕ, ತ್ರಿಕೋನ ಸಾಕಾಗಲಿಲ್ಲ. ಮೈಲುತುತ್ತ ಹಚ್ಚಿ ಕಪ್ಪು ಮಾಡಿದ ಹೂಜಿ ಮೇಲೆ ಅವರಪ್ಪ ಮೊನೆಯಿಂದ ಗೀರಿ ಬಳ್ಳಿ, ಹೂವು ಬಿಡಿಸುತ್ತಾರೆ, ಅದೂ ಬರಿಗೈಲಿ. "ಸರ, ಹೂವು ಹೆಂಗ ಬರ್ತದ?" ಟರ್ಟಲ್‌ನ 'ಸರ್ಕಲ್'ಗೆ ಎರಡನೇ ಅಂಕಿ ಕೊಟ್ಟರೆ ವೃತ್ತದ ತುಂಡು ಮಾತ್ರ ಬರುತ್ತದೆ. ತ್ರಿಜ್ಯ 100, ತುಂಡು 60. ಎಡಕ್ಕೆ 120. ಇದನ್ನೇ ಇನ್ನೊಂದು ಸಲ ಮಾಡಿದರೆ ಒಂದು ಎಸಳು. ಆಮೆ ಮೊದಲಿದ್ದ ಜಾಗಕ್ಕೆ, ಮೊದಲಿದ್ದ ದಿಕ್ಕಿಗೇ ವಾಪಸ್ ಬಂದು ನಿಲ್ಲುತ್ತದೆ. ಎಡಕ್ಕೆ 60 ತಿರುಗಿಸಿ, ಇಡೀ ಎಸಳನ್ನು ಆರು ಸಲ ಮಾಡಿದರೆ ಹೂವು.

ಅವನಿಗೆ ಎಸಳು ಇನ್ನೂ ದಪ್ಪ ಬೇಕಿತ್ತು. 60 ಇದ್ದಲ್ಲಿ 90 ಹಾಕಿದ, ಎಸಳಿನ ತುದಿ ಕೂಡಲಿಲ್ಲ. 120ನ್ನು ಇಳಿಸುತ್ತಾ ಹೋದ. 90ಕ್ಕೆ ಬಂದಾಗ ಕೂಡಿತು. "ಎರಡೂ ಸೇರಿ 180 ಆಗಬೇಕ್ರಿ ಸರ" ಅಂದ. ಪಕ್ಕದ ಹುಡುಗಿ ಕೂಡಲೇ 30, 150 ಹಾಕಿ ನೋಡಿದಳು. ಸಣ್ಣ ಬೇವಿನ ಎಲೆ ಬಂತು.