ಖಾನಾವಳಿಗೆ ಬಟ್ಟಲು ಒಯ್ದ ಹನ್ನೊಂದು ತಿಂಗಳು

ಹೋದ ವರ್ಷ ಶ್ರಾವಣದ ಹೊತ್ತಿಗೆ ನನ್ನ ತೂಕ 93 ಕಿಲೋ. ಈಗ 80. ಈ ಹನ್ನೊಂದು ತಿಂಗಳಲ್ಲಿ ವಾರಕ್ಕೆ ಐದು ದಿನ ಮಧ್ಯಾಹ್ನದ ಊಟ ಹೊರಗೇ ಮಾಡಿದ್ದೇನೆ. ಪಂಪ್‌ಸೆಟ್ ಬಿಡಿಭಾಗ ಮಾರುವ ಕೆಲಸ ನನ್ನದು. ಸೋಮವಾರ ಗದಗ, ಮಂಗಳವಾರ ಹಾವೇರಿ, ಉಳಿದ ದಿನ ಹುಬ್ಬಳ್ಳಿ-ಧಾರವಾಡ. ಮನೆಯಿಂದ ಡಬ್ಬಿ ಒಯ್ಯುವುದು ನನಗೆ ಆಗದ ಮಾತು. "ಹೊರಗ ಊಟ ಮಾಡ್ಕೋತ ತೂಕ ಇಳಸ್ತೀನಿ ಅಂದ್ರ ಅದು ಆಗಂಗಿಲ್ಲ ಬಿಡ್ರಿ" ಎಂದು ಉಣಕಲ್ ಕೆರೆಯಲ್ಲಿ ಜೊತೆಗೆ ವಾಕಿಂಗ್ ಬರುವವರೆಲ್ಲ ಹೇಳಿದರು. ಆಯ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಲೊರಿ ಲೆಕ್ಕ ಇಡುವವರಿಗಾಗಿ ಬರೆದದ್ದು ಇದು. ಆ್ಯಪ್ ಹೇಗೆ ಬಳಸುವುದು, ತಕ್ಕಡಿಯಲ್ಲಿ ಪಾತ್ರೆಯ ತೂಕ ಹೇಗೆ ಕಳೆಯುವುದು ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ. ಅಂಕಿಗಳು ನೆನಪಿನಿಂದ ಬರೆದವು, ಹತ್ತಿಪ್ಪತ್ತು ಆಚೀಚೆ ಇರಬಹುದು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಜಿಮ್‌ಗೆ ವರ್ಷದ ಫೀಸು 12,000 ಕಟ್ಟಿ ಐದು ವಾರ ಹೋದೆ. ಡಯಟ್ ಚಾರ್ಟ್‌ಗೆ 6,000. ಅದರಲ್ಲಿ ಇದ್ದದ್ದು ಓಟ್ಸು, ಬ್ರೊಕೊಲಿ. ಗದಗ ಬಸ್‌ಸ್ಟ್ಯಾಂಡ್ ಹತ್ತಿರ ಮಧ್ಯಾಹ್ನ ಎರಡು ಗಂಟೆಗೆ ನಾನು ಬ್ರೊಕೊಲಿ ಎಲ್ಲಿ ಹುಡುಕಲಿ? ಪರಿಚಯದವರೊಬ್ಬರು ಮಾರಿದ ಪುಡಿಗೆ 4,800. ಇದೆಲ್ಲ ಆದ ಮೇಲೆ ಆ್ಯಪ್ ಹಾಕಿಕೊಂಡು ತಿಂದದ್ದೆಲ್ಲ ಬರೆಯಲು ಶುರು ಮಾಡಿದೆ. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ದಿನಕ್ಕೆ 1,700 ಕ್ಯಾಲೊರಿ ದಾಟುತ್ತಿರಲಿಲ್ಲ. ತೂಕ ಎರಡು ಕಿಲೋ ಏರಿತು!

ಥೈರಾಯ್ಡ್ ಇರಬೇಕು ಅಂದುಕೊಂಡು ರಕ್ತ ಪರೀಕ್ಷೆ ಮಾಡಿಸಿದೆ. ನಾರ್ಮಲ್. ಎಚ್‌ಬಿಎ1ಸಿ (ರಕ್ತದಲ್ಲಿ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಮಾತ್ರ 6.1 ಬಂತು. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನನ್ನ ಲೆಕ್ಕ ಸರಿ ಇದ್ದರೆ ದೇಹ ಸುಳ್ಳು ಹೇಳಬೇಕು. ದೇಹ ಸುಳ್ಳು ಹೇಳುವುದಿಲ್ಲ.

ಮರುದಿನವೇ ನಾನು ದಿನಾ ಉಣ್ಣುವ ಖಾನಾವಳಿಯಿಂದ ಇಡೀ ಊಟ ಪಾರ್ಸೆಲ್ ತಂದೆ. ತಟ್ಟೆಯಲ್ಲಿ ಬಡಿಸುವಷ್ಟನ್ನೇ ಕಟ್ಟಿಕೊಡಿ ಎಂದು ಕೇಳಿ ತಂದೆ. ಡಬ್ಬಿ ತೆರೆಯುವ ಮೊದಲು ಅಂದಾಜು ಬರೆದಿಟ್ಟೆ: 850 ಕ್ಯಾಲೊರಿ. ಆಮೇಲೆ ಒಂದೊಂದನ್ನೇ ತೂಗಿದೆ. ಬಿಸಿ ರೊಟ್ಟಿ ಮೂರು, ಒಂದೊಂದು ಸುಮಾರು 90 ಗ್ರಾಂ. ನೀರು ಕಳೆದರೆ ಒಂದರಲ್ಲಿ 57 ಗ್ರಾಂ ಹಿಟ್ಟು. ಮೂರಕ್ಕೆ 570. ಬದನೆಕಾಯಿ ಎಣ್ಣೆಗಾಯಿ 150 ಗ್ರಾಂ, 370. ಹೆಸರುಕಾಳು ಪಲ್ಯ 180. ಶೇಂಗಾ ಚಟ್ನಿಪುಡಿ, ಮೇಲೆ ಎಣ್ಣೆ, 145. ಮೊಸರು 65. ಅನ್ನ 250 ಗ್ರಾಂ, 325. ಸಾರು 60, ಮಜ್ಜಿಗೆ 30. ಒಟ್ಟು 1,745.

ಅಂದರೆ ಅರ್ಧಕ್ಕಿಂತ ಕಡಿಮೆ ಬರೆಯುತ್ತಿದ್ದೆ. ಇದು ನನ್ನೊಬ್ಬನ ಸಮಸ್ಯೆ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಏನು ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ನ್ಯೂಯಾರ್ಕ್‌ನಲ್ಲಿ ಪರೀಕ್ಷೆ ಮಾಡಿದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಗಿದೆ. ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು. ನನ್ನದು ಶೇ. 51.

ಆದರೆ ನನ್ನ ತಲೆ ಕೊರೆದದ್ದು ಇನ್ನೊಂದು ವಿಷಯ. ಅದೇ ವಾರ ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಒಂದು ಪ್ಲೇಟ್ ಗಿರ್ಮಿಟ್ (ಮಂಡಕ್ಕಿಯ ತಿಂಡಿ) ಕಟ್ಟಿಸಿಕೊಂಡು ಬಂದು ತೂಗಿದ್ದೆ. ಅಂದಾಜು 250, ಬಂದದ್ದು 300. ಐವತ್ತರ ವ್ಯತ್ಯಾಸ ಯಾರಿಗಾದರೂ ಆಗುತ್ತದೆ. ಗಿರ್ಮಿಟ್‌ನಲ್ಲಿ ಇಷ್ಟು ಸರಿಯಾಗಿ ಅಂದಾಜು ಮಾಡುವ ಕಣ್ಣು ಊಟದಲ್ಲಿ ಒಂಬೈನೂರು ತಪ್ಪುವುದು ಯಾಕೆ?

ಅಡುಗೆಮನೆಯಲ್ಲಿ ಎರಡು ತಟ್ಟೆ ಇಟ್ಟೆ. ಒಂದರಲ್ಲಿ 125 ಗ್ರಾಂ ಅನ್ನ, ಇನ್ನೊಂದರಲ್ಲಿ 250. ಎರಡನ್ನೂ ಖಾನಾವಳಿಯವರು ಹಾಕುವ ಹಾಗೆ ಗುಡ್ಡೆ ಮಾಡಿದೆ. ಮಗಳ ಕಂಪಾಸ್ ಬಾಕ್ಸಿನ ಸ್ಕೇಲ್ ತೆಗೆದುಕೊಂಡು ಎತ್ತರ ಅಳೆದೆ. ಸಣ್ಣದು ನಾಲ್ಕು ಸೆಂಟಿಮೀಟರ್, ದೊಡ್ಡದು ಐದು. ಅಷ್ಟೇ! ಅನ್ನ ಎರಡು ಪಟ್ಟು, ಎತ್ತರ ಬರೀ ಒಂದು ಸೆಂಟಿಮೀಟರ್ ಜಾಸ್ತಿ. ಉದ್ದ, ಅಗಲ, ಎತ್ತರ ಮೂರೂ ಸ್ವಲ್ಪ ಸ್ವಲ್ಪ ಬೆಳೆದರೆ ಸಾಕು, ರಾಶಿ ದುಪ್ಪಟ್ಟಾಗುತ್ತದೆ. ಕಣ್ಣು ಎತ್ತರ ನೋಡುತ್ತದೆ, "ಸ್ವಲ್ಪ ಜಾಸ್ತಿ ಇದೆ" ಅನ್ನುತ್ತದೆ. ಮನೆಯವಳನ್ನು ಕರೆದು ತೋರಿಸಿದೆ. ಇಪ್ಪತ್ತು ವರ್ಷ ಅಡುಗೆ ಮಾಡಿದವಳು ದೊಡ್ಡ ಗುಡ್ಡೆಗೆ "ಒಂದೂವರೆ ಪಟ್ಟು ಇರಬಹುದು" ಅಂದಳು.

ಮುಂದಿನ ಎರಡು ತಿಂಗಳು ಪಾರ್ಸೆಲ್ ತರುವುದೇ ಕೆಲಸ. ಸುಮಾರು ಅರವತ್ತು ಪಾರ್ಸೆಲ್, ಏಳೂವರೆ ಸಾವಿರ ರೂಪಾಯಿ. ಬಿಸಾಕಲಿಲ್ಲ, ತೂಗಿದ ಮೇಲೆ ಮನೆಯಲ್ಲಿ ಎಲ್ಲರೂ ತಿಂದೆವು. ಮೊದಲು ತಂದ ತಕ್ಕಡಿ 450 ರೂಪಾಯಿಯದು, ಐದು ಕಿಲೋ ತೂಗುತ್ತದೆ. ಆದರೆ ಮೂರು ಗ್ರಾಂ ಎಣ್ಣೆ ಹಾಕಿದರೆ ಅಲ್ಲಾಡುವುದೇ ಇಲ್ಲ. ಬಂಗಾರ ತೂಗುವಂಥ ಸಣ್ಣದೊಂದು ತಂದೆ, 350. ಅದರ ಮೇಲೆ ಚಹಾ ಚೆಲ್ಲಿ ಹಾಳಾಯ್ತು. ಮತ್ತೊಂದು ತಂದೆ.

ಆಹಾರದ ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಹಿಡಿದೆ. ಆ್ಯಪ್‌ನಲ್ಲಿ ಜೋಳದ ರೊಟ್ಟಿಗೆ ಒಬ್ಬೊಬ್ಬರು ಒಂದೊಂದು ಬರೆದಿರುತ್ತಾರೆ, ಅಲ್ವಾ? ಆ ಪಟ್ಟಿ ಬಳಸುವವರು ಒಂದು ನೆನಪಿಡಿ. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. ನೂರು ಗ್ರಾಂ ಜೋಳಕ್ಕೆ ಸುಮಾರು 1,400 ಅಂತ ನೋಡಿ ನಾನು ಗಾಬರಿಯಾಗಿದ್ದೆ. 4.18ರಿಂದ ಭಾಗಿಸಬೇಕು, ಆಗ 334 ಕ್ಯಾಲೊರಿ ಬರುತ್ತದೆ.

ಎಣ್ಣೆ ತುಂಬಾ ಸತಾಯಿಸಿತು. ಒಂದು ಗ್ರಾಂ ಎಣ್ಣೆಗೆ ಒಂಬತ್ತು ಕ್ಯಾಲೊರಿ, ಎಣ್ಣೆಗಾಯಿಯಲ್ಲಿ ಅದು ಎಷ್ಟಿದೆ ಅಂತ ಗೊತ್ತಾಗದಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಮೊದಲು ಫ್ರಿಜ್‌ನಲ್ಲಿ ಇಟ್ಟೆ. ಒಂದು ಕಡೆಯದು ಮೇಲೆ ಕೆನೆಯ ಹಾಗೆ ಗಟ್ಟಿಯಾಯ್ತು, ತೆಗೆದು ತೂಗಿದೆ. ಇನ್ನೊಂದು ಕಡೆಯದು ರಾತ್ರಿಯೆಲ್ಲ ಇಟ್ಟರೂ ಗಟ್ಟಿಯಾಗಲಿಲ್ಲ. ಟಿಶ್ಯೂ ಪೇಪರ್ ಹಾಕಿ ಹೀರಿಸಿದೆ, ಮಸಾಲೆಯ ನೀರೂ ಬಂತು. ಕೊನೆಗೆ ಹಿಡಿದ ದಾರಿ ಇದು: ಎಣ್ಣೆಗಾಯಿಯನ್ನು ಉದ್ದನೆಯ ಗಾಜಿನ ಲೋಟಕ್ಕೆ ಹಾಕಿ, ಕುದಿಯುವ ನೀರು ಹೊಯ್ದು, ಅರ್ಧ ಗಂಟೆ ಅಲ್ಲಾಡಿಸದೆ ಬಿಡುವುದು. ಎಣ್ಣೆ ಮೇಲೆ ಬಂದು ಕೆಂಪಗೆ ನಿಲ್ಲುತ್ತದೆ. ಔಷಧಿ ಅಂಗಡಿಯ 20 ಎಂಎಲ್ ಸಿರಿಂಜಿನಿಂದ ಅದನ್ನು ಎಳೆದು ತೂಗುವುದು.

ಇದರಲ್ಲೂ ಪೂರ್ತಿ ಎಣ್ಣೆ ಬರುವುದಿಲ್ಲ. ಶೇಂಗಾ-ಎಳ್ಳಿನ ಮಸಾಲೆ ಸ್ವಲ್ಪ ಹಿಡಿದುಕೊಳ್ಳುತ್ತದೆ. ಎಷ್ಟು ಅಂತ ನೋಡಲು ಮನೆಯಲ್ಲಿ 40 ಗ್ರಾಂ ಎಣ್ಣೆ ತೂಗಿ ಹಾಕಿ ಎಣ್ಣೆಗಾಯಿ ಮಾಡಿಸಿದೆ. ಸಿರಿಂಜಿಗೆ ಸಿಕ್ಕದ್ದು 31. ಹಾಗಾಗಿ ಸಿಕ್ಕದ್ದನ್ನು 1.3ರಿಂದ ಗುಣಿಸುತ್ತೇನೆ. ಖಾನಾವಳಿಯ ಒಂದು ಬಟ್ಟಲಿನಲ್ಲಿ 19 ಗ್ರಾಂ ಸಿಕ್ಕಿತ್ತು, ಅಂದರೆ 25. ಎಣ್ಣೆಯೊಂದೇ 225 ಕ್ಯಾಲೊರಿ. ಝುಣಕದಂಥ ಗಟ್ಟಿ ಪದಾರ್ಥದಲ್ಲಿ ಇದು ನಡೆಯುವುದಿಲ್ಲ. ಅದಕ್ಕೆ ಬೇರೆ ಉಪಾಯ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಎದುರಿಗೆ ಸಿಕ್ಕವರಿಗೆ ತೋರಿಸುತ್ತೇನೆ.

ನಡುವೆ ಮಿರ್ಚಿ ಭಜಿಯ ಮೇಲೂ ಒಂದು ಸಂಜೆ ಕಳೆದೆ. ಪೇಪರ್‌ನಲ್ಲಿ ಒತ್ತಿದರೆ ಎಣ್ಣೆ ಎಲ್ಲ ಹೋಗುತ್ತದೆ ಎನ್ನುತ್ತಾರಲ್ಲ. ಐದು ಭಜಿ ಒತ್ತಿದೆ, ಪೇಪರಿನ ತೂಕ ಮೊದಲೂ ಆಮೇಲೂ ನೋಡಿದೆ. ಐದರಿಂದ ಹೋದದ್ದು 11 ಗ್ರಾಂ. ಭಜಿಗೆ ಇಪ್ಪತ್ತೇ ಕ್ಯಾಲೊರಿ ಕಡಿಮೆ. ಉಳಿದದ್ದು ಹಿಟ್ಟಿನ ಒಳಗೇ ಇದೆ. ಹಾಫ್ ಪ್ಲೇಟ್ ಫ್ರೈಡ್‌ರೈಸೂ ತೂಗಿದೆ. ಫುಲ್ 650 ಗ್ರಾಂ, ಹಾಫ್ 400. ಅರ್ಧ ಅಂತ ಬರೆದುಕೊಂಡರೆ ಅಲ್ಲೂ ಮೋಸ ಹೋಗುತ್ತೀರಿ. ಕಟಕ್ ರೊಟ್ಟಿ (ಒಣಗಿಸಿದ ಗರಿಗರಿ ರೊಟ್ಟಿ) ಹಗುರ ಅಂತ ನಾಲ್ಕು ತಿನ್ನುವವರಿಗೂ ಒಂದು ಮಾತು: ಅದರಲ್ಲಿ ನೀರಿಲ್ಲ, 40 ಗ್ರಾಂ ಅಂದರೆ ಹೆಚ್ಚುಕಡಿಮೆ ಪೂರ್ತಿ ಹಿಟ್ಟೇ. ಒಂದಕ್ಕೆ 130 ಹಿಡಿಯಿರಿ.

ಇಷ್ಟೆಲ್ಲ ತೂಗಿದ ಮೇಲೂ ಮೇಜಿನ ಮುಂದೆ ಕೂತಾಗ ಅಂದಾಜು ತಪ್ಪುತ್ತಲೇ ಇತ್ತು. ಹದಿನೈದು ದಿನ ಕಣ್ಣಿಗೆ ಅಭ್ಯಾಸ ಮಾಡಿಸಿದೆ. ದೊಡ್ಡ ತಟ್ಟೆ ಬಂದ ಕೂಡಲೇ ಮತ್ತೆ 300-400 ಕಡಿಮೆ. ಆಗ ಗಿರ್ಮಿಟ್ ನೆನಪಾಯ್ತು. ಸಣ್ಣದರಲ್ಲಿ ನನ್ನ ಕಣ್ಣು ಸರಿ ಇದೆಯಲ್ಲ. ಹಾಗಾದರೆ ದೊಡ್ಡದನ್ನು ಸಣ್ಣದು ಮಾಡಬೇಕು.

ಮನೆಯ ಒಂದು ಸ್ಟೀಲ್ ಬಟ್ಟಲು ಆರಿಸಿದೆ. ಪಲ್ಯ ಹಾಕಿದರೆ 150 ಗ್ರಾಂ, ಅನ್ನ ಹಾಕಿದರೆ 125 ಹಿಡಿಯುತ್ತದೆ. ಖಾನಾವಳಿಯಲ್ಲಿ ಬಡಿಸಿದ ಕೂಡಲೇ ಎಲ್ಲವನ್ನೂ ಆ ಬಟ್ಟಲಿನಿಂದ ಅಳೆದು ತಟ್ಟೆಗೆ ಹಾಕಿಕೊಳ್ಳುವುದು. ಬೇಡದ್ದು ಊಟಕ್ಕೆ ಮೊದಲೇ ಡಬ್ಬಿಗೆ. ಊಟ ಆದ ಮೇಲೆ ಉಳಿಸುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ, ಮೂರು ವಾರ ನೋಡಿದ್ದೇನೆ. ಕ್ಯಾಲೊರಿ ಬರೆಯುವುದನ್ನೂ ಬಿಟ್ಟೆ. ಜೇಬಿನ ಪುಸ್ತಕದಲ್ಲಿ ಬಟ್ಟಲು ಎಷ್ಟು, ರೊಟ್ಟಿ ಎಷ್ಟು, ಅಷ್ಟೇ. ಅನ್ನ ಒಂದು ಬಟ್ಟಲು 160, ಎಣ್ಣೆಗಾಯಿ 370, ಹೆಸರುಕಾಳು 180. ರಾತ್ರಿ ಕೂಡಿಸಿದರೆ ಆಯ್ತು.

ಮೊದಲ ದಿನ ಖಾನಾವಳಿಯ ಅಕ್ಕಾರು ಒಲೆಯ ಹತ್ತಿರದಿಂದ ಎದ್ದು ಬಂದರು. "ಅಲ್ರೀ ಅಣ್ಣಾರ, ಊಟ ಮಾಡಾಕ ಬಂದೀರೋ, ಬಂಗಾರ ತೂಗಾಕ ಬಂದೀರೋ?" ಅಂದರು. ಊಟ ರುಚಿಯಿಲ್ಲ ಅಂತ ಅಳೆಯುತ್ತಿದ್ದೇನೆ ಅಂದುಕೊಂಡಿದ್ದರು. ರಿಪೋರ್ಟ್ ತೋರಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ನಮ್ಮನಿಯವ್ರಿಗೂ ಸಕ್ರಿ ಐತ್ರಿ" ಅಂದು ಒಳಗೆ ಹೋದರು. ಅವರ ಕೈ ದೊಡ್ಡದು, ಹೊಟ್ಟೆ ತುಂಬ ಬಡಿಸದಿದ್ದರೆ ಅವರಿಗೆ ಸಮಾಧಾನ ಇಲ್ಲ. ಅದರಲ್ಲಿ ತಪ್ಪು ಹುಡುಕುವುದು ಸರಿಯಲ್ಲ. ಹೊಲದಲ್ಲಿ ದುಡಿದು ಬಂದವರಿಗೆ ಮಾಡಿದ ಊಟ ಅದು, ಬೈಕಿನ ಮೇಲೆ ಕೂತು ಬಂದ ನಾನು ಅದನ್ನೇ ಪೂರ್ತಿ ಉಣ್ಣುತ್ತಿದ್ದೆ. ಮತ್ತೆ ಮತ್ತೆ "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?" ಎಂದು ಬರುವ ಹುಡುಗನಿಗೆ ಹೇಳುವ ಒಂದು ಮಾತು ಕಲಿತಿದ್ದೇನೆ. ಅವನಿಗೂ ಬೇಜಾರಾಗುವುದಿಲ್ಲ, ರೊಟ್ಟಿಯೂ ಬರುವುದಿಲ್ಲ. ಎಲ್ಲರೂ ಹೇಳಲು ಶುರು ಮಾಡಿದರೆ ಅದು ನಡೆಯುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.

ಈಗ ನನ್ನ ಊಟ: ರೊಟ್ಟಿ ಎರಡು, ಎಣ್ಣೆಗಾಯಿ ಅರ್ಧ ಬಟ್ಟಲು, ಹೆಸರುಕಾಳು ಒಂದು, ಅನ್ನ ಒಂದು, ಚಟ್ನಿಪುಡಿ ಅರ್ಧ, ಮೊಸರು, ಸಾರು, ಮಜ್ಜಿಗೆ ಎಂದಿನಂತೆ. 1,100 ಚಿಲ್ಲರೆ ಆಗುತ್ತದೆ. ಯಾವ ಪದಾರ್ಥವನ್ನೂ ಬಿಟ್ಟಿಲ್ಲ, ಹಸಿವಿನಿಂದ ಎದ್ದಿಲ್ಲ. ಹೋದದ್ದು ಒಂದು ಹೊತ್ತಿಗೆ ಆರುನೂರು. ಮೊದಲ ತಿಂಗಳು ಮೂರು ಕಿಲೋ ಇಳಿಯಿತು. ಆಮೇಲೆ ತಿಂಗಳಿಗೆ ಒಂದು, ಒಂದೂವರೆ. ದೀಪಾವಳಿಯಲ್ಲಿ ಒಂದು ಕಿಲೋ ವಾಪಸ್ ಬಂತು, ಡಿಸೆಂಬರ್ ಪೂರ್ತಿ ಅದನ್ನು ಇಳಿಸುವುದರಲ್ಲೇ ಹೋಯ್ತು. ಎಚ್‌ಬಿಎ1ಸಿ ಈಗ 5.6. ಜಾಸ್ತಿ ಅನುಮಾನ ಪಟ್ಟಿದ್ದ ನನ್ನ ಅಳಿಯ ಹೋದ ತಿಂಗಳು ಬಂದು ಬಟ್ಟಲಿನ ಅಳತೆ ಬರೆದುಕೊಂಡು ಹೋದ. ಉಳಿದ ಪಾರ್ಸೆಲ್ ಡಬ್ಬಿ ಸಂಜೆ ಮನೆಯಲ್ಲಿ ಖಾಲಿಯಾಗುತ್ತದೆ. ಆ ಲೆಕ್ಕದಲ್ಲಿ ದಿನಕ್ಕೆ ನಲವತ್ತು ರೂಪಾಯಿ ಉಳಿತಾಯವೇ.

ಮದುವೆ ಊಟ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಬಾಳೆ ಎಲೆಯ ಮುಂದೆ ಬಟ್ಟಲು ಇಟ್ಟುಕೊಂಡು ಕೂರಲು ಆಗುವುದಿಲ್ಲ, ಸಾಲಿನಲ್ಲಿ ಅಕ್ಕಪಕ್ಕ ಬೀಗರು ಕೂತಿರುತ್ತಾರೆ. ಹಾವೇರಿ ಹತ್ತಿರ ಒಂದು ಮದುವೆಯಿಂದ ಕಡ್ಲಿಬ್ಯಾಳಿ ಹೋಳಿಗೆ ಒಂದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದು ತೂಗಿದ್ದೇನೆ. 95 ಗ್ರಾಂ, ತುಪ್ಪ ಬೇರೆ. ಎಲೆಗೆ ಎರಡು ಬೀಳುತ್ತವೆ, ಬೇಡ ಅಂದರೆ ಮೂರು. ಮುಂದಿನ ತಿಂಗಳು ಇನ್ನೂ ನಾಲ್ಕು ಮದುವೆ ಇವೆ. ಅನ್ನದ ಗುಡ್ಡೆಯನ್ನು ಕೈಬೆರಳಿನಿಂದ ಅಳೆಯುವುದನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ನನ್ನ ನಾಲ್ಕು ಬೆರಳಿನ ಅಗಲ ಏಳೂವರೆ ಸೆಂಟಿಮೀಟರ್.