ನಾಯಿ ಮೂಳೆಗೆ ಪ್ಲೇಟ್ ಕೂರಿಸಲು ಕಲಿಯುವ ಪಶುವೈದ್ಯರಿಗೆ: ಯಾವುದನ್ನು ಮೊದಲು, ಯಾವುದನ್ನು ಕೊನೆಗೆ

ಚರ್ಮದ ಹೊಲಿಗೆ ಸ್ವಲ್ಪ ಓರೆಯಾದರೂ ಗಾಯ ಹೇಗೋ ಮಾಯುತ್ತದೆ. ಸ್ಕ್ರೂ ತೂತು ಕೆಟ್ಟರೆ ಪಕ್ಕದಲ್ಲೇ ಇನ್ನೊಂದು ತೂತು ಕೊರೆಯಲು ಚಿಕ್ಕ ನಾಯಿಯ ಮೂಳೆಯಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೇ ಈ ವಿದ್ಯೆಯನ್ನು ರೋಗಿಯ ಮೇಲೆ ಕಲಿಯಬಾರದು. 1958ರಲ್ಲಿ ಸ್ವಿಟ್ಜರ್ಲೆಂಡ್‌ನ ಶಸ್ತ್ರವೈದ್ಯರು ಮುರಿದ ಮೂಳೆ ಜೋಡಿಸುವ ವಿಧಾನಗಳಿಗಾಗಿ ಕಟ್ಟಿದ ಎಒ ಬಳಗ ಜಗತ್ತಿಗೆ ಹರಡಿದ್ದೂ ಇದೇ ಕ್ರಮವನ್ನು: ಮೊದಲು ಬಿಡಿ ಮೂಳೆ, ಆಮೇಲೆ ರೋಗಿ. ಎರಡು ದಿನದ ಕಾರ್ಯಾಗಾರ ಮುಗಿಸಿ, ಪ್ಲೇಟ್ ಸೆಟ್ ಕೊಂಡು, ಮರುವಾರವೇ ಎರಡು ಕಿಲೋ ತೂಕದ ನಾಯಿಯ ಮುಂಗಾಲಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೆಟ್ಟ ಆರಂಭ.

ಮೇಕೆ ಕಾಲಿನ ಮೇಲೆ ಅಭ್ಯಾಸ

ಪ್ಲಾಸ್ಟಿಕ್ ಮೂಳೆಗಳು ದುಬಾರಿ. ಮಾಂಸದಂಗಡಿಯಲ್ಲಿ ಹಿಂದಿನ ದಿನವೇ ಹೇಳಿಟ್ಟರೆ ಮೇಕೆಯ ಹಿಂಗಾಲು ಕೊಚ್ಚದೆ ಇಡಿಯಾಗಿ ಸಿಗುತ್ತದೆ. ನಾಯಿಯಲ್ಲಿರುವಂತೆ ಮೇಕೆಯಲ್ಲೂ ಟಿಬಿಯಾದ (ಹಿಂಗಾಲಿನಲ್ಲಿ ಮಂಡಿಯ ಕೆಳಗಿನ ದೊಡ್ಡ ಮೂಳೆ) ಒಳಮಗ್ಗುಲಿಗೆ ಸ್ನಾಯುವಿನ ಹೊದಿಕೆ ಇಲ್ಲ; ಚರ್ಮ ಸೀಳಿದರೆ ಮೂಳೆಯೇ. 3.5 ಮಿ.ಮೀ. ಸ್ಕ್ರೂ ಹಾಕುವ ಪ್ಲೇಟಿಗೆ ಒಪ್ಪುವ ಗಾತ್ರ. ಫ್ರೀಜರ್‌ನಲ್ಲಿಟ್ಟು, ಬೇಕಾದ ಹಿಂದಿನ ರಾತ್ರಿ ಹೊರತೆಗೆಯಿರಿ. ಡ್ರಿಲ್ ಮಾಡುವಾಗ ಸಣ್ಣ ಕಣಗಳು ಸಿಡಿಯುತ್ತವೆ, ಮೇಕೆಯಿಂದ ಮನುಷ್ಯರಿಗೆ ಹರಡುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ನೆನಪಿರಲಿ: ಗ್ಲೌಸ್, ಮಾಸ್ಕ್, ಕನ್ನಡಕ ಮೂರೂ ಬೇಕು.

ಗರಗಸದಿಂದ ಮೂಳೆಯನ್ನು ಅಡ್ಡಲಾಗಿ ಕತ್ತರಿಸಿ. ಪ್ಲೇಟ್ ಮುಟ್ಟುವ ಮೊದಲು ಎರಡು ತುದಿಗಳನ್ನು ಕೂಡಿಸುವುದನ್ನೇ ಹಲವು ಸಲ ಮಾಡಿ. ರೋಗಿಯಲ್ಲಿ ಸ್ನಾಯು ಎಳೆದು ತುದಿಗಳು ಒಂದರ ಮೇಲೊಂದು ಏರಿ ಕೂತಿರುವ ಕಾಲನ್ನು ನೇರವಾಗಿ ಜಗ್ಗಿದರೆ ಅದು ಬರುವುದಿಲ್ಲ. ಎರಡೂ ತುದಿಗಳನ್ನು ಗಾಯದಿಂದ ಮೇಲಕ್ಕೆತ್ತಿ, ಮನೆ ಮಾಡಿನಂತೆ ಕೋನ ಮಾಡಿ, ಅಂಚಿಗೆ ಅಂಚು ತಾಗಿಸಿ, ಆಮೇಲೆ ನಿಧಾನವಾಗಿ ಕೆಳಗೆ ಒತ್ತಿ ನೇರ ಮಾಡಬೇಕು. ಶಸ್ತ್ರಚಿಕಿತ್ಸೆಯ ಅರ್ಧ ಹೊತ್ತು ಹೋಗುವುದು ಇಲ್ಲೇ. ಸ್ಕ್ರೂ ಹಾಕುವುದು ಅದರ ಮುಂದೆ ಸುಲಭದ ಕೆಲಸ.

ಪ್ಲೇಟನ್ನು ಮೂಳೆಯ ಆಕಾರಕ್ಕೆ ಬಗ್ಗಿಸುವಾಗ ತೂತಿನ ಮೇಲಲ್ಲ, ತೂತುಗಳ ನಡುವೆ ಬಗ್ಗಿಸಿ. ಹಿಂದೆ ಮುಂದೆ ಎರಡು ಮೂರು ಸಲ ಬಗ್ಗಿಸಿದ ಲೋಹ ಅಲ್ಲೇ ದಣಿದು ಮುಂದೆ ತುಂಡಾಗುತ್ತದೆ. ಅಡ್ಡ ಮುರಿತಕ್ಕೆ ಪ್ಲೇಟಿನ ನಡುಭಾಗ ಮೂಳೆಯಿಂದ 1ರಿಂದ 2 ಮಿ.ಮೀ. ಎತ್ತರದಲ್ಲಿರುವಂತೆ ಚೂರು ಹೆಚ್ಚು ಬಾಗಿರಲಿ. ಇಲ್ಲದಿದ್ದರೆ ಸ್ಕ್ರೂ ಬಿಗಿದಾಗ ಪ್ಲೇಟಿನ ಕಡೆ ಒತ್ತಿಕೊಂಡು ಎದುರು ಬದಿ ಬಾಯಿ ತೆರೆಯುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಚೆಂದ, ಎಕ್ಸ್-ರೇಯಲ್ಲಿ ಬಣ್ಣ ಬಯಲು.

ಮೂಳೆಯ ಗಟ್ಟಿ ಹೊರಗೋಡೆ ಹಿಡಿಯುವ 3.5 ಮಿ.ಮೀ. ಕಾರ್ಟಿಕಲ್ ಸ್ಕ್ರೂಗೆ 2.5 ಮಿ.ಮೀ. ಡ್ರಿಲ್ ಬಿಟ್, 2.7ಕ್ಕೆ 2.0, 2.0ಕ್ಕೆ 1.5. ಡ್ರಿಲ್ ಗೈಡ್ ಇಲ್ಲದೆ ಒಂದು ತೂತನ್ನೂ ಕೊರೆಯಬೇಡಿ. ಕೈ ಅಲುಗಿ ತೂತು ಅಂಡಾಕಾರವಾದರೆ ಸ್ಕ್ರೂ ಹಿಡಿಯುವುದಿಲ್ಲ. ಮೊಂಡಾದ ಬಿಟ್ ಮೂಳೆಯನ್ನು ಸುಡುತ್ತದೆ, ಸುಟ್ಟ ಮೂಳೆ ಕೆಲವು ವಾರಗಳಲ್ಲಿ ಕರಗಿ ಸ್ಕ್ರೂ ಸಡಿಲವಾಗುತ್ತದೆ. ಆದ್ದರಿಂದ ಸಹಾಯಕರು ಸಿರಿಂಜಿನಿಂದ ಸಲೈನ್ ಬಿಡುತ್ತಲೇ ಇರಬೇಕು. ತೂತಿನ ಆಳ ಅಳೆಯುವ ಡೆಪ್ತ್ ಗೇಜಿನ ಕೊಕ್ಕೆ ಆಚೆ ಬದಿಯ ಮೂಳೆಗೆ ಸಿಕ್ಕಿಕೊಂಡಿದೆಯೇ ಎಂದು ಎಳೆದು ನೋಡಿ, ಬಂದ ಅಳತೆಗೆ 2 ಮಿ.ಮೀ. ಸೇರಿಸಿ. ನಂತರ ತೂತಿನೊಳಗೆ ಎಳೆ ಕೊರೆಯುವ ಟ್ಯಾಪ್, ನಂತರ ಸ್ಕ್ರೂ. ಕೊನೆಯ ಬಿಗಿತಕ್ಕೆ ಎರಡು ಬೆರಳು, ಒಂದು ಹೆಬ್ಬೆರಳು ಸಾಕು. ಇಡೀ ಮುಷ್ಟಿಯ ಬಲ ಹಾಕಿದರೆ ಎಳೆ ಕಿತ್ತುಬರುತ್ತದೆ.

ಒತ್ತಡ ಕೊಡುವ ಡಿಸಿಪಿ ಪ್ಲೇಟಿನಲ್ಲಿ ಲೋಡ್ ಗೈಡಿನ (ಪ್ಲೇಟಿನ ತೂತಿನಲ್ಲಿ ಡ್ರಿಲ್ಲನ್ನು ಒಂದು ಬದಿಗೆ ಸರಿಸಿ ಹಿಡಿಯುವ ಗೈಡ್) ಬಾಣ ಮುರಿತದ ಕಡೆ ತಿರುಗಿರಬೇಕು. ಬಾಣ ತಪ್ಪಿದರೆ ಸ್ಕ್ರೂ ಬಿಗಿದಂತೆ ಮೂಳೆಯ ತುದಿಗಳು ದೂರ ಸರಿಯುತ್ತವೆ. ಸಾಮಾನ್ಯ ಪ್ಲೇಟಿಗೆ ಮುರಿತದ ಆಚೀಚೆ ಕನಿಷ್ಠ ಮೂರು ಮೂರು ಸ್ಕ್ರೂ, ಅಂದರೆ ಸ್ಕ್ರೂಗೆ ಈಚೆ ಆಚೆ ಎರಡರಂತೆ ಒಂದೊಂದು ಬದಿಗೆ ಆರು ಮೂಳೆಗೋಡೆಗಳ ಹಿಡಿತ.

ಎಷ್ಟು ದಪ್ಪದ ಸ್ಕ್ರೂ?

ಸ್ಕ್ರೂ ವ್ಯಾಸ ಮೂಳೆಯ ಅಗಲದ ಶೇ. 40 ಮೀರಬಾರದು. ಮುಂಗಾಲಿನ ರೇಡಿಯಸ್ ಮೂಳೆ 5 ಮಿ.ಮೀ. ಅಗಲವಿದ್ದರೆ 2.0 ಮಿ.ಮೀ. ಸ್ಕ್ರೂವೇ ಮಿತಿ, 2.7 ಹಾಕಿದರೆ ಹೊಸ ಮುರಿತ ಆ ತೂತಿನಲ್ಲೇ ಆಗುತ್ತದೆ. ಈ ಲೆಕ್ಕವನ್ನು ಎಕ್ಸ್-ರೇ ಮೇಲೆ, ಪಕ್ಕದಲ್ಲಿ ಅಳತೆಯ ಗುರುತು ಇಟ್ಟು, ಅರಿವಳಿಕೆಗೆ ಮೊದಲೇ ಮಾಡಿ ಮುಗಿಸಬೇಕು. ಸರಿಯಾಗಿರುವ ಎದುರು ಕಾಲಿನ ಎಕ್ಸ್-ರೇಯೂ ಬೇಕು, ಪ್ಲೇಟ್ ಬಗ್ಗಿಸಲು ಅದೇ ಅಚ್ಚು.

ಚೂರುಚೂರಾದ ಮುರಿತಕ್ಕೆ ಯೋಚನೆಯೇ ಬೇರೆ. ಮುರಿದ ಜಾಗದ ಅಂತರ 1 ಮಿ.ಮೀ. ಇದ್ದು ಅಲ್ಲಿ 0.5 ಮಿ.ಮೀ. ಅಲುಗಾಟವಾದರೆ ಒಳಗಿನ ಅಂಗಾಂಶ ಶೇ. 50 ಹಿಗ್ಗಬೇಕಾಗುತ್ತದೆ. ಅಷ್ಟೇ ಅಲುಗಾಟ 10 ಮಿ.ಮೀ. ಅಂತರಕ್ಕೆ ಹಂಚಿದರೆ ಶೇ. 5. ಮೂಳೆ ಹುಟ್ಟಲು ಶೇ. 2ರೊಳಗಿರಬೇಕು, ಮೃದ್ವಸ್ಥಿ ಶೇ. 10ರವರೆಗೆ ತಾಳುತ್ತದೆ. ಹಾಗಾಗಿ ಐದಾರು ಚೂರುಗಳನ್ನು ಹೆಕ್ಕಿ ಜೋಡಿಸುತ್ತ ಕೂರುವುದು ವ್ಯರ್ಥ ಮಾತ್ರವಲ್ಲ, ಹಾನಿ: ಕೂಡದೆ ಉಳಿದ ಸಣ್ಣ ಬಿರುಕೇ ಅತಿ ಹೆಚ್ಚು ಹಿಗ್ಗುತ್ತದೆ, ಚೂರುಗಳಿಗೆ ರಕ್ತ ತರುವ ಸ್ನಾಯುವೂ ಕಳಚುತ್ತದೆ. ಚೂರುಗಳನ್ನು ಮುಟ್ಟದೆ, ಉದ್ದದ ಪ್ಲೇಟಿನಿಂದ ಸೇತುವೆ ಕಟ್ಟಿ, ಜೊತೆಗೆ ಮಜ್ಜೆಯ ನಾಳದ ಶೇ. 35ರಿಂದ 40 ತುಂಬುವ ಪಿನ್ ಹಾಕಿ. ಪಿನ್ ಬಾಗುವಿಕೆಯನ್ನು ತಡೆಯುತ್ತದೆ, ತಿರುಚುವಿಕೆಯನ್ನಲ್ಲ. ಪಿನ್ ಒಂದನ್ನೇ ನಂಬಿದ ಫೀಮರ್ (ತೊಡೆಮೂಳೆ) ಮುರಿತಗಳು ಕೂಡದೆ ಉಳಿಯಲು ದೊಡ್ಡ ಕಾರಣ ಇದೇ.

ಮೊದಲ ರೋಗಿಗಳು

ಬಲಿತ, 15ರಿಂದ 25 ಕಿಲೋ ತೂಕದ ನಾಯಿ, ಟಿಬಿಯಾದ ನಡುವಿನಲ್ಲಿ ಎರಡೇ ತುಂಡು, ಚರ್ಮ ಹರಿದಿಲ್ಲ: ಆರಂಭಕ್ಕೆ ಇದು ತಕ್ಕದ್ದು. ಬೈಕ್ ಬಡಿದು ತಂದ ನಾಯಿಗಾದರೆ ಮೊದಲು ಎದೆಯ ಎಕ್ಸ್-ರೇ, ಮೂತ್ರಕೋಶದ ಪರೀಕ್ಷೆ. ಕಾಲು ಒಂದೆರಡು ದಿನ ಕಾಯುತ್ತದೆ. ಮನೆಯವರು ಬಿದಿರು ಕಡ್ಡಿ ಇಟ್ಟು ಬಿಗಿದು ಕಟ್ಟಿ ತಂದಿದ್ದರೆ ಕಟ್ಟು ಬಿಚ್ಚಿ, ಬೆರಳುಗಳ ಬಿಸಿ ಮತ್ತು ನೋವಿನ ಅರಿವು ನೋಡದೆ ಶಸ್ತ್ರಚಿಕಿತ್ಸೆಯ ಮಾತೇ ಬೇಡ.

ಸೋಂಕು ತಡೆಯಲು ಸೆಫಜೋಲಿನ್ ಎಂಬ ಆ್ಯಂಟಿಬಯಾಟಿಕ್ ಕಿಲೋಗೆ 22 ಮಿ.ಗ್ರಾಂ.ನಂತೆ ರಕ್ತನಾಳಕ್ಕೆ, ಕತ್ತಿ ತಾಗಿಸುವ ಅರ್ಧ ಗಂಟೆ ಮೊದಲು. ನಂತರ 90 ನಿಮಿಷಕ್ಕೊಮ್ಮೆ. ಎಂಟು ದಿನ ಮಾತ್ರೆ ನುಂಗಿಸುವುದು ಇದಕ್ಕೆ ಬದಲಿಯಲ್ಲ.

ಪೊಮೆರೇನಿಯನ್, ಮಿನಿಯೇಚರ್ ಪಿನ್ಷರ್‌ಗಳು ಸೋಫಾದಿಂದ ಹಾರಿ ಮುರಿದುಕೊಳ್ಳುವ ಮುಂಗಾಲು ನೋಡಲು ಸಣ್ಣ ಕೆಲಸ, ನಿಜಕ್ಕೆ ಕಠಿಣ. ಅಲ್ಲಿ ರಕ್ತಪೂರೈಕೆ ಕಡಿಮೆ, ಮೇಲೆ ಸ್ನಾಯುವಿಲ್ಲ, ಕೆಳತುಂಡಿನಲ್ಲಿ ಎರಡು ಸ್ಕ್ರೂಗೂ ಜಾಗ ಸಾಲದು. ಬರೀ ಪ್ಲಾಸ್ಟರ್ ಹಾಕಿದರೆ ಕೂಡದೆ ಉಳಿಯುವುದು ಸಾಮಾನ್ಯ. ಟಿ ಆಕಾರದ ಸಣ್ಣ ಪ್ಲೇಟ್ ಮತ್ತು ಅನುಭವಿ ಕೈ ಎರಡೂ ಇಲ್ಲದಿದ್ದರೆ ಮೆತ್ತನೆಯ ಕಟ್ಟು ಹಾಕಿ ತಜ್ಞರಿಗೆ ಕಳಿಸಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗದಂಥ ಕಡೆ ಇಂಥ ರೋಗಿಯ ಜೊತೆ ನೀವೂ ಹೋಗಿ ಸಹಾಯಕರಾಗಿ ನಿಲ್ಲಲು ಅನುಮತಿ ಕೇಳಿ.

ಕೀಲಿನ ಕೆಲಸ

ಕೀಲಿನೊಳಗೆ ಹಾದ ಮುರಿತಕ್ಕೆ ಅಂದಾಜಿನ ಜೋಡಣೆ ನಡೆಯದು. ಕೀಲಿನ ಮೇಲ್ಮೈಯಲ್ಲಿ ಮೆಟ್ಟಿಲು ಉಳಿದರೆ ಸಂಧಿವಾತ ಬಂದೇ ಬರುತ್ತದೆ. ನಾಲ್ಕು ತಿಂಗಳ ಮರಿಗಳಲ್ಲಿ ಮೊಣಕೈ ಬಳಿ ತೋಳಿನ ಮೂಳೆ ಹ್ಯೂಮರಸ್‌ನ ಹೊರ ಕಾಂಡೈಲ್ (ಕೀಲಿನ ದುಂಡು ಉಬ್ಬು) ಸೀಳುವುದು ಇದರ ಸಾಮಾನ್ಯ ಉದಾಹರಣೆ. 3.5 ಮಿ.ಮೀ. ಸ್ಕ್ರೂಗೆ ಸೀಳಿದ ತುಂಡಿನಲ್ಲಿ ಎಳೆ ಹಿಡಿಯದ 3.5 ಮಿ.ಮೀ. ಜಾರು ತೂತು, ಆಚೆ ತುಂಡಿನಲ್ಲಿ 2.5 ಮಿ.ಮೀ. ಎಳೆ ತೂತು, ಆಗ ಮಾತ್ರ ಸ್ಕ್ರೂ ಎರಡನ್ನೂ ಎಳೆದು ಬಿಗಿಯುತ್ತದೆ. ತಿರುಗದಂತೆ ಒಂದು ಕೆ-ವೈರ್ (ಸಪೂರ ಲೋಹದ ಕಡ್ಡಿ) ಸೇರಿಸಿ. ವಾರ ಕಳೆದು ಬಂದ ಮರಿಯಲ್ಲಿ ಆಗಲೇ ಗಟ್ಟಿ ಅಂಗಾಂಶ ತುಂಬಿರುತ್ತದೆ, ಹೊಸಬರು ಮುಟ್ಟದಿರುವುದು ಲೇಸು.

ಫೀಮರಿನ ತಲೆ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಬೇಗ ಕಲಿಯಬಹುದು, ಆದರೆ ಕುತ್ತಿಗೆಯ ಚೂರು ಉಳಿಸಬೇಡಿ. ಕತ್ತರಿಸಿದ ಮೇಲೆ ಬೆರಳಿನಿಂದ ಹಿಂಬದಿಯ ಅಂಚು ಸವರಿ, ಕಾಲನ್ನು ಎಲ್ಲ ದಿಕ್ಕಿಗೂ ಆಡಿಸಿ. ಕರಕರ ಅನ್ನಿಸಿದರೆ ಇನ್ನೂ ತೆಗೆಯುವುದಿದೆ. ಆಮೇಲೆ ಆ ಕಾಲಿಗೆ ವಿಶ್ರಾಂತಿಯಲ್ಲ, ನೋವು ಹಿಡಿತದಲ್ಲಿಟ್ಟುಕೊಂಡು ಬೇಗನೆ ನಡಿಗೆ ಬೇಕು.

ಮಂಡಿಚಿಪ್ಪು ಜಾರುವಿಕೆ ಮೂರನೇ ದರ್ಜೆಯದಾದರೆ (ಚಿಪ್ಪು ಹೆಚ್ಚು ಹೊತ್ತು ಜಾರಿಯೇ ಇದ್ದರೆ) ಬರೀ ಕೀಲುಚೀಲ ಬಿಗಿದು ಹೊಲಿದರೆ ಮತ್ತೆ ಜಾರುತ್ತದೆ. ಚಿಪ್ಪು ಕೂರುವ ಫೀಮರಿನ ತೋಡು ಆಳ ಮಾಡುವುದು, ಟಿಬಿಯಾದ ಮುಂದಿನ ಉಬ್ಬನ್ನು ಪಕ್ಕಕ್ಕೆ ಸರಿಸುವುದು ಎರಡನ್ನೂ ಮೃತದೇಹದ ಮೇಲೆ ಮಾಡಿ ಕಲಿಯಿರಿ. ಸತ್ತ ಸಾಕುನಾಯಿಯಾದರೆ ಮಾಲೀಕರ ಲಿಖಿತ ಒಪ್ಪಿಗೆ ಇರಲಿ. ಮಂಡಿಯೊಳಗಿನ ಕ್ರೂಸಿಯೇಟ್ ಅಸ್ಥಿರಜ್ಜು ಹರಿದಾಗ ಮಾಡುವ, ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ವಿವರಿಸಿದ ಟಿಪಿಎಲ್‌ಒ ಎಲ್ಲಕ್ಕಿಂತ ಕೊನೆಗೆ. ಟಿಬಿಯಾದ ಮೇಲ್ಮೈ ಇಳಿಜಾರನ್ನು ಸುಮಾರು 5 ಡಿಗ್ರಿಗೆ ತರುವ ಈ ಕೆಲಸ ನಿಂತಿರುವುದೇ ಎಕ್ಸ್-ರೇ ಮೇಲೆ: ಮಂಡಿ, ಹಿಮ್ಮಡಿ ಎರಡೂ 90 ಡಿಗ್ರಿ ಬಾಗಿ, ಫೀಮರಿನ ಎರಡು ಕಾಂಡೈಲ್‌ಗಳು ಒಂದರ ಮೇಲೊಂದು ಬಿದ್ದಿರಬೇಕು. ಅಂಥ ಚಿತ್ರ ಪ್ರತಿ ಸಲವೂ ತೆಗೆಯಲು ಬರುವವರೆಗೆ ದುಂಡುಗರಗಸ ಕೊಳ್ಳುವ ಅವಸರ ಬೇಡ.